ಶಾಯಿ ಹಚ್ಚುವ ಮೇಷ್ಟ್ರು

ಪ್ರಜಾಪ್ರಭುತ್ವಕ್ಕೆ ಲಿಂಕನ್ ಕೊಟ್ಟ ವ್ಯಾಖ್ಯೆಯನ್ನು ಎಂಟನೇ ತರಗತಿಯ ಮಕ್ಕಳು ಒಂದು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆಯುತ್ತಾರೆ. ತಪ್ಪು ಅವರದಲ್ಲ. ಪ್ರಭುತ್ವ, ಸಾರ್ವಭೌಮತ್ವ ಅಂತ ನಾನು ಶುರುಮಾಡಿದರೆ ಹಿಂದಿನ ಬೆಂಚಿನವರ ಕಣ್ಣು ಕಿಟಕಿಯಾಚೆಗೆ ಹೋಗುತ್ತದೆ. ಅದೇ, ‘ಒಬ್ಬನೇ ಎರಡು ಸಲ ವೋಟು ಹಾಕಿದರೆ?’ ಅಂತ ಕೇಳಿ ನೋಡಿ, ಇಡೀ ತರಗತಿ ನೆಟ್ಟಗೆ ಕೂರುತ್ತದೆ. ಮಕ್ಕಳಿಗೆ ನ್ಯಾಯಕ್ಕಿಂತ ಮೊದಲು ಅರ್ಥವಾಗುವುದು ಮೋಸ. ಹಾಗಾಗಿ ಸರ್ಕಾರದ ಪಾಠವನ್ನು ನಾನು ಸಂವಿಧಾನದ ಪೀಠಿಕೆಯಿಂದಲ್ಲ, ಶಾಯಿಯಿಂದ ಆರಂಭಿಸುತ್ತೇನೆ.

ಅದಕ್ಕೆ ಅನುಕೂಲವೂ ಇದೆ. ಚುನಾವಣೆ ಬಂತೆಂದರೆ ಶಾಲೆಯೇ ಮತಗಟ್ಟೆ, ಮೇಷ್ಟ್ರುಗಳೇ ಸಿಬ್ಬಂದಿ. ನನಗೆ ಸಾಮಾನ್ಯವಾಗಿ ಸಿಗುವುದು ಎರಡನೇ ಮತಗಟ್ಟೆ ಅಧಿಕಾರಿಯ ಕೆಲಸ: ರಿಜಿಸ್ಟರಿನಲ್ಲಿ ಸಹಿ ಹಾಕಿಸು, ಬೆರಳಿಗೆ ಶಾಯಿ ಹಚ್ಚು, ಚೀಟಿ ಕೊಟ್ಟು ಮುಂದಕ್ಕೆ ಕಳಿಸು. ಡ್ಯೂಟಿ ಮುಗಿಸಿ ತರಗತಿಗೆ ಬಂದರೆ ಮೊದಲ ಪ್ರಶ್ನೆ: ‘ಸಾರ್, ನಿಮ್ಮ ಎಡಗೈ ಬೆರಳಲ್ಲಿ ಶಾಯಿಯೇ ಇಲ್ಲ! ನೀವು ವೋಟು ಹಾಕಿಲ್ವಾ?’ ಬೇರೆ ಕ್ಷೇತ್ರದಲ್ಲಿ ಡ್ಯೂಟಿ ಬಿದ್ದವರದು ಅಂಚೆ ಮತಪತ್ರ, ಅದಕ್ಕೆ ಶಾಯಿ ಇಲ್ಲ. ಊರಿನವರಿಗೆಲ್ಲ ಹಚ್ಚಿದವನ ತೋರುಬೆರಳು ಬೆಳ್ಳಗೆ, ಬಾಟಲಿ ಹಿಡಿದ ಬಲಗೈ ಹೆಬ್ಬೆರಳು ಮಾತ್ರ ಕಪ್ಪಗೆ.

ಶಾಯಿ ಎಲ್ಲಿಂದ ಬರುತ್ತದೆ ಎಂದರೆ ಮಕ್ಕಳು ದೆಹಲಿ ಎನ್ನುತ್ತಾರೆ. ಸೂತ್ರವೇನೋ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದೇ. ತಯಾರಾಗುವುದು ಮಾತ್ರ ನಮ್ಮ ಮೈಸೂರಿನ ಬನ್ನಿಮಂಟಪದ ಬಳಿಯ ಬಣ್ಣದ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಶುರುಮಾಡಿಸಿದ್ದು ಕಾಡಿನ ಅರಗಿಗೆ ಒಂದು ಉಪಯೋಗ ಕಾಣಿಸಲು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೂ ಹೋಗಿದೆ. ಹತ್ತು ಮಿಲಿಲೀಟರಿನ ಒಂದು ಬಾಟಲಿ ಸುಮಾರು ಏಳುನೂರು ಬೆರಳಿಗೆ ಸಾಕು, 2024ರ ಲೋಕಸಭಾ ಚುನಾವಣೆಗೆ ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಬಾಟಲಿ ಬೇಕಾದವು. ಮಹಾರಾಜರ ಕಾರ್ಖಾನೆ ಪ್ರಜೆಗಳ ರಾಜ್ಯಕ್ಕೆ ಶಾಯಿ ಅರೆಯುತ್ತಿದೆ ಎಂದರೆ ಮಕ್ಕಳು ನಗುತ್ತಾರೆ. ಆಗ ನಾನು 1881ಕ್ಕೆ ಹಿಂದೆ ಹೋಗಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದ್ದನ್ನು ಹೇಳುತ್ತೇನೆ. ಆ ಸಭೆಗೆ ಜಮೀನುದಾರರೂ ವರ್ತಕರೂ ಹೋದರು, ನಿಮ್ಮ ಮುತ್ತಜ್ಜ ಹೋಗಲಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ನನ್ನ ಅಜ್ಜಿ ಮಾತ್ರ ಮೊದಲ ಮಹಾಚುನಾವಣೆಯಲ್ಲೇ ವೋಟು ಹಾಕಿದವಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಮೇಲೆ ಅವನ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಅವಳ ಕಷ್ಟ ಅದಕ್ಕೂ ಮೊದಲೇ ಇತ್ತು. ಮೇಜಿನ ಹಿಂದಿನ ಗುಮಾಸ್ತ ‘ಗಂಡನ ಹೆಸರು?’ ಅಂದನಂತೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೆ? ಹಿಂದೆ ನಿಂತ ನೆರೆಮನೆಯವಳು ಹೇಳಿ ಉಳಿಸಿದಳು. ಉತ್ತರದ ರಾಜ್ಯಗಳಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿತ್ತು: ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಕೊಡದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ಸುಮಾರು 28 ಲಕ್ಷ ನಮೂದುಗಳನ್ನು ಪಟ್ಟಿಯಿಂದ ತೆಗೆಸಿಬಿಟ್ಟರು. ನಿರ್ದಯ ಎನಿಸಿದರೂ, ಹೆಸರಿಲ್ಲದ ಪ್ರಜೆ ಇರಬಾರದೆಂಬ ಆ ಹಟ ನನಗೆ ಇಷ್ಟ.

1962ರಲ್ಲಿ ಮಡಿಹೆಂಗಸಾದ ಅಜ್ಜಿಯ ಬೆರಳಿಗೆ ಮೈಸೂರಿನ ಶಾಯಿ ಬಿತ್ತು. ಮನೆಗೆ ಬಂದವಳೇ ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳಂತೆ. ಆ ಶಾಯಿಯೊಳಗಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಕೂಡಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಪಾಪ, ಅಜ್ಜಿ ಕಳ್ಳನನ್ನು ಹಿಡಿಯಲು ಅವನ ನೆಂಟನನ್ನೇ ಕಳಿಸಿದ್ದಳು. ಉಗುರು ಬೆಳೆದು ಗುರುತು ಹೊರಗೆ ಹೋಗುವ ತನಕ ಮನೆಯಲ್ಲಿ ದೇವರ ನೈವೇದ್ಯ ಮಾಡಿದ್ದು ಅತ್ತೆ.

ಈ ಶಾಯಿಯಲ್ಲಿ ನನಗೆ ಹಿಡಿಸುವುದು ಅದರ ಸಂಶಯ. ಸಮಾನತೆಯನ್ನು ಗೌರವದಿಂದ ಕೊಡಲು ನಮ್ಮ ದೇಶಕ್ಕೆ ಇನ್ನೂ ಪೂರ್ತಿ ಆಗಿಲ್ಲ, ಅನುಮಾನದಿಂದ ಕೊಟ್ಟುಬಿಟ್ಟಿದೆ. ಪ್ರಧಾನಿಯೂ ಎರಡನೇ ಸಲ ಬಂದಾರು, ಕೂಲಿಯವಳೂ ಬಂದಾಳು, ಇಬ್ಬರ ಬೆರಳನ್ನೂ ಚಾಚಿಸು! ನಿಯಮ ಬರೆದವರು ಎಲ್ಲರನ್ನೂ ನೆನೆದಿದ್ದಾರೆ. ಎಡಗೈ ತೋರುಬೆರಳು ಇಲ್ಲದಿದ್ದರೆ ಅದೇ ಕೈಯ ಬೇರೆ ಬೆರಳು, ಅದೂ ಇಲ್ಲದಿದ್ದರೆ ಬಲಗೈ ಬೆರಳು, ಎರಡೂ ಕೈಯಲ್ಲಿ ಬೆರಳೇ ಇಲ್ಲದಿದ್ದರೆ ಇರುವಷ್ಟು ತೋಳಿನ ತುದಿ. ಇದನ್ನು ಓದಿ ಹೇಳಿದಾಗ ತರಗತಿಯಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ. 2016ರಲ್ಲಿ ನೋಟು ಬದಲಿಸಲು ಬ್ಯಾಂಕಿಗೆ ಹೋದವರ ಬೆರಳಿಗೂ ಶಾಯಿ ಹಚ್ಚಿಸಿದರು. ಅದು ನನಗೆ ಸರಿಬರಲಿಲ್ಲ. ನಮ್ಮನ್ನು ಆಳುವವರನ್ನು ಆರಿಸುವಾಗ ಬೆರಳು ಚಾಚುವುದು ಬೇರೆ, ನಮ್ಮದೇ ದುಡ್ಡಿಗೆ ಚಾಚುವುದು ಬೇರೆ.

ಇಷ್ಟಾದ ಮೇಲೆ 224 ಶಾಸಕರು, 113ರ ಬಹುಮತ, ಮುಖ್ಯಮಂತ್ರಿಯನ್ನು ನಾವು ನೇರವಾಗಿ ಆರಿಸುವುದಿಲ್ಲ ಎಂಬುದೆಲ್ಲ ಹತ್ತು ನಿಮಿಷದ ಪಾಠ. ಕಷ್ಟ ಬರುವುದು ಆಮೇಲೆ. ‘ಗೆದ್ದವರು ಪಕ್ಷ ಬಿಟ್ಟು ಹೋದರೆ?’ 1985ರ ಪಕ್ಷಾಂತರ ನಿಷೇಧ ಕಾಯ್ದೆ ಹೇಳುತ್ತೇನೆ. 2019ರಲ್ಲಿ ನಮ್ಮಲ್ಲೇ ಹದಿನೇಳು ಶಾಸಕರು ಅನರ್ಹರಾಗಿದ್ದನ್ನೂ, ಅನರ್ಹತೆ ಸರಿ ಎಂದ ಸುಪ್ರೀಂ ಕೋರ್ಟೇ ಉಪಚುನಾವಣೆಗೆ ನಿಲ್ಲಬಹುದು ಎಂದದ್ದನ್ನೂ ಹೇಳುತ್ತೇನೆ. ಮುಂದಿನ ಬೆಂಚಿನ ಹುಡುಗಿ ಯೋಚಿಸಿ ಅಂದಳು: ‘ಹಾಗಾದ್ರೆ ಶಾಯಿ ನಮಗ್ಯಾಕೆ ಸಾರ್? ಗೆದ್ದವರಿಗೆ ಹಚ್ಚಬೇಕಿತ್ತು.’ ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ಕಳೆದ ವರ್ಷ ಶಾಲಾ ಸಂಸತ್ತಿಗೆ ನಾವೂ ಚುನಾವಣೆ ನಡೆಸಿದೆವು, ಮೊಬೈಲನ್ನೇ ಮತಯಂತ್ರ ಮಾಡಿ. ಪ್ರಯೋಗಾಲಯದ ಸಿಲ್ವರ್ ನೈಟ್ರೇಟ್ ಕೇಳಿದರೆ ವಿಜ್ಞಾನದ ಮೇಡಂ ಬೀರುವಿಗೆ ಬೀಗ ಹಾಕಿದರು. ಚರ್ಮ ಸುಡುತ್ತದೆ, ಬೆಲೆಯೂ ಜಾಸ್ತಿ. ಸ್ಕೆಚ್ ಪೆನ್ನೇ ಗತಿಯಾಯಿತು. ಎಣಿಸಿ ನೋಡಿದರೆ ಹಾಜರಿಗಿಂತ ಮತವೇ ಹೆಚ್ಚು: ಎಂಜಲು ಹಚ್ಚಿ ಒರೆಸಿಕೊಂಡು ಸಾಲಿಗೆ ಮತ್ತೆ ಬಂದವರಿದ್ದರು. ಸೋತ ಅಭ್ಯರ್ಥಿ ಮರುಮತದಾನಕ್ಕೆ ಪಟ್ಟು ಹಿಡಿದ. ಮರುಮತದಾನವೆಂದರೆ ಆಯೋಗದ ಕ್ರಮದಂತೆ ಎಡಗೈಯ ಮಧ್ಯದ ಬೆರಳಿಗೆ ಗುರುತು. ನಾನು ಕಟ್ಟುನಿಟ್ಟಾಗಿ ಹಾಗೇ ಘೋಷಿಸಿದೆ. ಹತ್ತನೇ ತರಗತಿಯ ಹುಡುಗರು ಸಾಲಾಗಿ ಮಧ್ಯದ ಬೆರಳು ಎತ್ತಿ ನಿಂತು ಯಾಕೆ ಅಷ್ಟು ನಕ್ಕರು ಎಂದು ಹೆಡ್‌ಮೇಷ್ಟ್ರು ಕೇಳಿದರು. ಪೌರನೀತಿಯ ಪಾಠ ಸಾರ್, ಅಂದೆ.