ನಿಲ್ಲುವ ಗಾಡಿ

ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಪಡುಬಿದ್ರಿ ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ಇನ್ನಂಜೆ. ಮಲ್ಲಿಗೆಯ ಶಂಕರಪುರ ಅಲ್ಲಿಗೆ ಹತ್ತಿರ. ದೂರದ ಎಕ್ಸ್‌ಪ್ರೆಸ್‌ಗಳಿಗೆ ಅದು ಕಿಟಕಿಯಲ್ಲಿ ಮಿಂಚಿ ಮರೆಯಾಗುವ ಒಂದು ಹಳದಿ ಫಲಕ. ಪ್ಯಾಸೆಂಜರ್ ಗಾಡಿ ಮಾತ್ರ ನಮಗಾಗಿ ನಿಲ್ಲುತ್ತಿತ್ತು.

1993ರಲ್ಲಿ ಉಡುಪಿಗೆ ಕೊಂಕಣ ರೈಲು ಬಂದಾಗ ನಾವಿನ್ನೂ ಶಾಲೆಯಲ್ಲಿದ್ದೆವು. 1998ರಲ್ಲಿ ಹಳಿ ಮುಂಬೈಯ ದಾರಿಯನ್ನು ಕೂಡಿಕೊಂಡಿತು. ಅಲ್ಲಿಯವರೆಗೆ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಬರುತ್ತಿದ್ದ ಅಣ್ಣ ರೈಲು ಹಿಡಿದರು.

ಅಮ್ಮಿಯ ಕಣ್ಣು ಮಂಜಾದ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದುದು ಪ್ಯಾಸೆಂಜರ್‌ನಲ್ಲೇ. ಉಡುಪಿಯ ನಿಲ್ದಾಣವಿರುವ ಇಂದ್ರಾಳಿ ಮಣಿಪಾಲದ ದಾರಿಯಲ್ಲೇ ಇದೆ. ಒಮ್ಮೆ ಮರಳುವಾಗ ಗಾಡಿ ಹೊರಡಲೇ ಇಲ್ಲ. ಒಂಟಿ ಹಳಿ, ಎದುರಿನದು ಬಂದ ಮೇಲೆಯೇ ಇದಕ್ಕೆ ದಾರಿ.

"ಯಾವಾಗಲೂ ನಮ್ಮದೇ ಯಾಕೆ ಕಾಯಬೇಕು, ಬೇಟಾ?"

"ಅದು ಮುಂಬೈ ಗಾಡಿ ಅಮ್ಮಿ, ಅದಕ್ಕೆ ಅವಸರ."

"ಅವಸರದವರು ನಮ್ಮೂರಲ್ಲಿ ನಿಲ್ಲುವುದೂ ಇಲ್ಲವಲ್ಲ," ಎಂದು ನಕ್ಕರು.

2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಗೂಡ್ಸ್ ಮಾತ್ರ ಓಡುತ್ತಿತ್ತು. ಜಗಲಿಯಲ್ಲಿ ಕುಳಿತ ಅಮ್ಮಿ ಸದ್ದಿನಲ್ಲೇ ಗುರುತಿಸುತ್ತಿದ್ದರು: "ಇದು ನಿಲ್ಲುವ ಗಾಡಿಯಲ್ಲ." ಮಣಿಪಾಲದ ತಾರೀಖುಗಳು ಒಂದೊಂದಾಗಿ ತಪ್ಪಿಹೋದವು.

ರೈಲಿನ ಪ್ರಗತಿಯನ್ನು ನಾವು ವೇಗದಲ್ಲಿ ಅಳೆಯುತ್ತೇವೆ. ಹಳ್ಳಿಯ ಪಾಲಿಗೆ ರೈಲೆಂದರೆ ಅದು ನಿಲ್ಲುವ ಒಂದೆರಡು ನಿಮಿಷ.

ಈಗ ಅಮ್ಮಿಯಿಲ್ಲ. 2022ರಲ್ಲಿ ಹಳಿಗೆ ಪೂರ್ತಿ ವಿದ್ಯುತ್ ಬಂದು ಡೀಸೆಲ್ ಎಂಜಿನ್ನಿನ ಗುಡುಗು ತಗ್ಗಿದೆ. ಆದರೂ ದೂರದಲ್ಲಿ ಸದ್ದಾದರೆ ನಾವು ಕಿವಿಗೊಡುತ್ತೇವೆ, ಅದು ನಿಲ್ಲುವ ಗಾಡಿಯೋ ಅಲ್ಲವೋ ಎಂದು.