ಹೊಳೆಯಾಚೆಯ ಕಲ್ಲು

ನಮ್ಮ ಗುತ್ತೂರು ಹರಿಹರದ ಮಗ್ಗುಲ ಊರು. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಇತ್ತ ಸ್ವಲ್ಪ ದೂರ ಹೋದರೆ ಹರಪನಹಳ್ಳಿ ಸೀಮೆ. ಇವತ್ತು ಬಸ್ಸು ಹತ್ತಿದವನಿಗೆ ಎಲ್ಲ ಒಂದೇ ನಾಡು. ನನ್ನ ತಂದೆಯ ಕಾಲಕ್ಕೆ ಹಾಗಿರಲಿಲ್ಲ. ಹರಿಹರ ಮೈಸೂರಿನದು, ಹರಪನಹಳ್ಳಿ 1953ರವರೆಗೆ ಮದರಾಸಿನದು, ಹೊಳೆಯಾಚೆಯ ಹಳ್ಳಿಗಳು 1956ರವರೆಗೆ ಮುಂಬಯಿಯವು. ಆ ಗಡಿಗಳು ನಕ್ಷೆಯಿಂದ ಅಳಿಸಿಹೋದರೂ ಶಾಸನ ಓದುವವರ ಕಪಾಟಿನಲ್ಲಿ ಹಾಗೇ ಉಳಿದಿವೆ. ನನಗೆ ಇದು ತಿಳಿದದ್ದು ಪುಸ್ತಕ ಅಚ್ಚು ಹಾಕಿಸಿ, ಬಿಡುಗಡೆಯ ಶಾಲು ಹೊದ್ದುಕೊಂಡ ಮೇಲೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಾಸನದ ಹುಚ್ಚು ಹಿಡಿಸಿದ್ದು ಹರಿಹರೇಶ್ವರನ ಗುಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. 1268ರಲ್ಲಿ ಅದಕ್ಕೆ ಗೋಪುರ ಸೇರಿಸಿದವನು ಸೋಮನಾಥಪುರ ಕಟ್ಟಿಸಿದ ಸೋಮ ದಂಡನಾಯಕ. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚು ಹಾಕಿದ್ದಾರೆ. ಅದರ ಜೆರಾಕ್ಸ್ ಪ್ರತಿ ನನ್ನ ಮೇಜಿನ ಮೇಲಿತ್ತು. ಅದೊಂದಿದ್ದರೆ ಈ ಸೀಮೆಯ ಕಲ್ಲೆಲ್ಲ ಕೈಯಲ್ಲಿದ್ದಂತೆ ಎಂದುಕೊಂಡಿದ್ದೆ.

ಜೊತೆಗೆ ಕೆಲಸ ಮಾಡಿದ ಹಿರಿಯರೊಬ್ಬರು ಕಂಡಾಗಲೆಲ್ಲ ಹೇಳುತ್ತಿದ್ದರು: “ಕರ್ನಾಟಕ ಇತಿಹಾಸ ಅಕಾಡೆಮಿಗೆ ಸದಸ್ಯರಾಗ್ರಿ ಮೇಷ್ಟ್ರೇ. ವರ್ಷಕ್ಕೊಂದು ಸಮ್ಮೇಳನ ನಡೀತದೆ, ಒಂದು ಪ್ರಬಂಧ ಓದ್ರಿ.” ನಾನು ನಕ್ಕು ತಳ್ಳಿಹಾಕುತ್ತಿದ್ದೆ. ಹಾರ, ಭಾಷಣ, ಮಧ್ಯಾಹ್ನದ ಊಟ, ಸಂಜೆ ಸರ್ಟಿಫಿಕೇಟು. ಅಲ್ಲಿಗೆ ಹೋಗಿ ಕಳೆಯುವ ಹೊತ್ತಿನಲ್ಲಿ ಇನ್ನೊಂದು ಕಲ್ಲು ಓದಬಹುದು ಎಂಬುದು ನನ್ನ ವಾದ. ಒಳಗಿನ ಮಾತು ಬೇರೆ ಇತ್ತು. ಎಂ.ಎ. ಮಾಡದ ನಾನು ಪ್ರೊಫೆಸರುಗಳ ಎದುರು ನಿಂತು ತಪ್ಪು ಓದಿದರೆ ಮಾನ ಹೋಗುತ್ತದೆಂಬ ಅಳುಕು.

ಹೊಳೆಯಾಚೆಯ ಹಳ್ಳಿಯೊಂದರ ಹನುಮಪ್ಪನ ಗುಡಿ ಮುಂದೆ ಸುಣ್ಣ ಬಳಿದ ಕಲ್ಲೊಂದು ನಿಂತಿತ್ತು. ಊರವರ ಅಪ್ಪಣೆ ಪಡೆದು ಸುಣ್ಣ ಬಿಡಿಸಿ, ಇಳಿಬಿಸಿಲಿನ ಓರೆ ಬೆಳಕಿನಲ್ಲಿ ಫೋಟೊ ತೆಗೆದೆ. ಅರ್ಧಕ್ಕರ್ಧ ಸವೆದಿತ್ತು. ಮೇಲುಸಾಲಿನಲ್ಲಿ ‘ತ್ರಿಭುವನಮಲ್ಲ’, ನಡುವೆಲ್ಲೋ ‘ವಿಕ್ರಮಾದಿತ್ಯ’, ಕೆಳಗೆ ‘ವಿಶ್ವಾವಸು ಸಂವತ್ಸರ’. ಇನ್ನೇನು ಬೇಕು? ತ್ರಿಭುವನಮಲ್ಲ ಎಂದರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಅವನ ಆಳ್ವಿಕೆ 1076ರಿಂದ 1126. ಅದರೊಳಗೆ ಬರುವ ವಿಶ್ವಾವಸು 1125. ರೈಸ್ ಸಂಪುಟ ತಿರುವಿ ಹಾಕಿದೆ, ಈ ಕಲ್ಲು ಅದರಲ್ಲಿಲ್ಲ. ‘ಅಪ್ರಕಟಿತ ಶಾಸನ’ ಎಂದು ಕಿರುಹೊತ್ತಗೆ ಬರೆದು ಪೆನ್ಷನ್ ದುಡ್ಡಿನಲ್ಲಿ ಅಚ್ಚು ಮಾಡಿಸಿದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ ಬಂತು. ಗುಡಿಯ ಕಮಿಟಿಯವರು ಹಿಗ್ಗಿ, ಕಲ್ಲಿನ ಪಕ್ಕ ಬೋರ್ಡ್ ಬರೆಸಿ ನೆಟ್ಟರು.

ಒಂದು ಅನುಮಾನ ಆಗಲೇ ಕುಟುಕಿತ್ತು. ಆರನೆಯ ವಿಕ್ರಮಾದಿತ್ಯ ಶಕವರ್ಷ ಬಿಟ್ಟು ತನ್ನದೇ ಚಾಲುಕ್ಯ ವಿಕ್ರಮ ಶಕ ಶುರು ಮಾಡಿದವನು. ಅವನ ಕಾಲದ ಶಾಸನದಲ್ಲಿ ಸಾಮಾನ್ಯವಾಗಿ ಆ ಲೆಕ್ಕವೇ ಇರುತ್ತದೆ. ಈ ಕಲ್ಲಿನಲ್ಲಿ ಅದು ಕಾಣಲಿಲ್ಲ. ‘ಆ ಭಾಗ ಸವೆದಿರಬೇಕು’ ಎಂದು ನನಗೆ ನಾನೇ ಹೇಳಿಕೊಂಡೆ. ಒಂಟಿಯಾಗಿ ಕೂತವನಿಗೆ ಇಂಥ ಸಮಾಧಾನ ಬಲು ಸಲೀಸು. ಅಲ್ಲವೆನ್ನಲು ಎದುರಿಗೆ ಯಾರೂ ಇರುವುದಿಲ್ಲ.

ಕೆಲವು ತಿಂಗಳ ಮೇಲೆ ಹಾವೇರಿ ಕಡೆಯ ಒಬ್ಬರು ಫೋನ್ ಮಾಡಿದರು. “ಸರ, ನಿಮ್ಮ ಪುಸ್ತಕ ಓದಿದೆ. ಚಲೋ ಬರದೀರಿ. ಆದ್ರ ಆ ಕಲ್ಲು ಅಚ್ಚಾಗಿ ಭಾಳ ವರ್ಷ ಆತಲ್ರೀ. ಬಾಂಬೆ ಕರ್ನಾಟಕದ ಸಂಪುಟ ನೋಡಿಲ್ಲೇನ್ರೀ?”

ನೋಡಿರಲಿಲ್ಲ. ರೈಸ್ ಮೈಸೂರು ಸಂಸ್ಥಾನದ ಅಧಿಕಾರಿ. ಅವರ ಕೆಲಸ ಹೊಳೆಯ ಈಚೆ ದಡಕ್ಕೇ ನಿಂತಿತ್ತು. ಆಚೆ ದಡದ ಕಲ್ಲುಗಳ ಪಡಿಯಚ್ಚು ತೆಗೆದದ್ದು ಭಾರತ ಸರ್ಕಾರದ ಶಾಸನ ಇಲಾಖೆ. ಅವು ಬಂದದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ. ಮದರಾಸು ಕಡೆಯ ಕನ್ನಡ ಶಾಸನಗಳು ಅದೇ ಮಾಲೆಯ 9ನೆಯದರಲ್ಲಿ. ಹರಿಹರದ ಆಸುಪಾಸು ಬರೆಯುವವನು ಮೂರು ಆಡಳಿತಗಳ ಪುಸ್ತಕ ನೋಡಬೇಕು. ನಾನು ನೋಡಿದ್ದು ಒಂದನ್ನು.

ಅಚ್ಚಾದ ಪಾಠ ತರಿಸಿ ಓದಿದಾಗ ಇನ್ನೊಂದು ಪೆಟ್ಟು ಬಿತ್ತು. ಅಕ್ಷರ ಸವೆಯುವ ಮೊದಲೇ ತೆಗೆದ ಪಡಿಯಚ್ಚು ಅದು. ನಾನು ಚಕ್ರವರ್ತಿ ಎಂದುಕೊಂಡ ವಿಕ್ರಮಾದಿತ್ಯ ಗುತ್ತಲದ ಗುತ್ತ ವಂಶದ ಮಾಂಡಲಿಕ. ತ್ರಿಭುವನಮಲ್ಲ ಎಂಬ ಬಿರುದು ಚಾಲುಕ್ಯರ ಕೊನೆಯ ಅರಸು ನಾಲ್ಕನೆಯ ಸೋಮೇಶ್ವರನಿಗೂ ಇತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1125 ವಿಶ್ವಾವಸುವಾದರೆ 1185 ಕೂಡ ವಿಶ್ವಾವಸುವೇ. ಒಂದೇ ಬಿರುದು, ಒಂದೇ ಹೆಸರು, ಒಂದೇ ಸಂವತ್ಸರ, ನಡುವೆ ಅರವತ್ತು ವರ್ಷ. ನಾನು ಸಲೀಸಾಗಿ ಅದರೊಳಗೆ ಬಿದ್ದಿದ್ದೆ.

ಫೋನ್ ಮಾಡಿದವರು ದೊಡ್ಡ ಪಂಡಿತರೇನಲ್ಲ, ನನ್ನಂಥ ನಿವೃತ್ತ ಮೇಷ್ಟ್ರು. ಆದರೆ ಬಹಳ ಕಾಲದಿಂದ ಅಕಾಡೆಮಿಯ ಸದಸ್ಯರು. “ನಾನೂ ಒಮ್ಮೆ ಹಿಂಗ ಎಡವಿದ್ದೆ, ಸಮ್ಮೇಳನದಾಗ ಒಬ್ರು ಎದ್ದು ಹೇಳಿದ್ರು” ಎಂದರು. ಅವರ ತಪ್ಪು ಸಭೆಯಲ್ಲೇ ಸತ್ತಿತ್ತು, ನನ್ನದು ಪುಸ್ತಕವಾಗಿ ಹಳ್ಳಿ ಶಾಲೆಗಳ ಲೈಬ್ರರಿ ಸೇರಿತ್ತು.

ಮುಂದಿನ ಸಮ್ಮೇಳನಕ್ಕೆ ಸದಸ್ಯನಾಗಿಯೇ ಹೋದೆ. ಗೆಜೆಟಿಯರ್ ಖ್ಯಾತಿಯ ಸೂರ್ಯನಾಥ ಕಾಮತರು ಮುಂದೆ ನಿಂತು ಬೆಳೆಸಿದ ಸಂಸ್ಥೆ ಅದು. ಅಲ್ಲಿ ಓದಿದ ಪ್ರಬಂಧಗಳು ‘ಇತಿಹಾಸ ದರ್ಶನ’ದಲ್ಲಿ ಅಚ್ಚಾಗುತ್ತವೆ. ನಾನು ಅಣಕಿಸುತ್ತಿದ್ದ ಹಾರ, ಭಾಷಣ ಎಲ್ಲವೂ ಇದ್ದವು. ಬಡ್ತಿಗೆ ಬೇಕಾದ ಸರ್ಟಿಫಿಕೇಟಿಗಾಗಿ ಬಂದು, ತಮ್ಮ ಪ್ರಬಂಧ ಓದಿ ಬಸ್ಸು ಹಿಡಿಯುವವರೂ ಕಂಡರು. ಆದರೆ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರು ಬಳ್ಳಾರಿ ಸೀಮೆಯ ವೀರಗಲ್ಲು ಬಲ್ಲವರು, ಮುಂದೆ ನಿಂತವರು ಧಾರವಾಡದ ಕಡೆಯವರು. ತಟ್ಟೆ ಹಿಡಿದು ನಿಂತಲ್ಲೇ ಮೂರು ಪ್ರಾಂತ್ಯದ ಕಪಾಟುಗಳು ತೆರೆದುಕೊಂಡವು. ತಿಥಿ, ವಾರ ತಾಳೆ ನೋಡಲು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕ ಬಳಸುವುದನ್ನು ಒಬ್ಬ ಯುವ ಸಂಶೋಧಕಿ ಅಲ್ಲೇ ಮೊಬೈಲಿನಲ್ಲಿ ತೋರಿಸಿಕೊಟ್ಟಳು. ನನ್ನ ತಿದ್ದುಪಡಿಯನ್ನೇ ಪ್ರಬಂಧವಾಗಿ ಓದಿದೆ. ಎರಡು ಗಡುಸು ಪ್ರಶ್ನೆ ಬಂದವು, ಒಂದಕ್ಕೆ ಉತ್ತರ ಗೊತ್ತಿರಲಿಲ್ಲ; ಗೊತ್ತಿಲ್ಲವೆಂದೆ. ಮಾನವೇನೂ ಹೋಗಲಿಲ್ಲ.

ಈಗ ಹೊಸ ಕಲ್ಲು ಕಂಡರೆ ಮೊದಲು ಫೋಟೊ ಹೋಗುವುದು ಹೊಳೆಯಾಚೆಯ ಆ ಮೇಷ್ಟ್ರಿಗೆ. ಶಾಸನ ಕಲಿಯುವ ಹುಡುಗರು ಮನೆಗೆ ಬಂದರೆ ನಾನು ಕೇಳುವುದೂ ಒಂದೇ: ಯಾವ ಸಂಘದಲ್ಲಿದ್ದೀರಿ, ಬರೆದದ್ದನ್ನು ಯಾರಿಗೆ ಓದಿ ಹೇಳಿದ್ದೀರಿ? ಸದಸ್ಯತ್ವ ಶುಲ್ಕ ನನ್ನ ಹೊತ್ತಗೆಯ ಅಚ್ಚಿನ ಖರ್ಚಿನ ಮುಂದೆ ಏನೇನೂ ಅಲ್ಲ. ಗುಡಿಯ ಕಮಿಟಿಯವರಿಗೂ ವಿಷಯ ತಿಳಿಸಿ, ನನ್ನ ಖರ್ಚಿನಲ್ಲೇ ಬೋರ್ಡ್ ಬದಲಿಸಿಕೊಡುತ್ತೇನೆಂದೆ. “ಇರ್ಲಿ ಬಿಡ್ರಿ ಸರ, ಅರವತ್ತು ವರ್ಷ ಹಳೇದಾದ್ರ ಊರಿಗೇ ಹೆಮ್ಮೆ” ಎಂದರು. ತಿದ್ದುಪಡಿ ನಾಲ್ಕು ಜನ ವಿದ್ವಾಂಸರಿಗೆ ಮುಟ್ಟಿತು. ಜಾತ್ರೆಗೆ ಬಂದವರು ಇಂದಿಗೂ ಓದುವುದು 1125.