ಪದಗಳಿಗೂ ಬೇರುಂಟು

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಪಾಸಾಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ವಿದ್ಯಾರ್ಥಿಯನ್ನು ಮೊದಲು ಕಾಡುವುದು ಇಂಗ್ಲಿಷ್ ಪದಗಳು. ಹಳ್ಳಿಯ ಶಾಲೆಯಲ್ಲಿ ಮುಂದಿದ್ದವರೂ ಇಲ್ಲಿ ಹಿಂದಿನ ಬೆಂಚು ಹುಡುಕುತ್ತಾರೆ. 'ತಲೆಗೆ ಹತ್ತುವುದಿಲ್ಲ' ಎಂದು ವಿಜ್ಞಾನವನ್ನೇ ಬಿಟ್ಟವರೂ ಇದ್ದಾರೆ. ಪಾಲಕರು ದಪ್ಪ ನಿಘಂಟು ತಂದುಕೊಟ್ಟು ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡಿಸುತ್ತಾರೆ. ವಾರದೊಳಗೆ ಹೆಚ್ಚಿನವು ಮರೆತುಹೋಗುತ್ತವೆ.

ಕೀಲಿಕೈ ಮಾತ್ರ ಹಳೆಯ ಕನ್ನಡ ಪಠ್ಯಪುಸ್ತಕದಲ್ಲೇ ಇದೆ. ಗ್ರೀಕ್ ಮೂಲದ 'ಹೈಡ್ರೋ' ಎಂದರೆ ನೀರು, 'ಜನ್' ಎಂದರೆ ಹುಟ್ಟಿಸುವಂಥದ್ದು. ಹೈಡ್ರೋಜನ್ ಅಕ್ಷರಶಃ ಜಲಜನಕ. 'ಫೋಟೋ' ಬೆಳಕು, 'ಸಿಂಥೆಸಿಸ್' ಕೂಡಿಸುವಿಕೆ, ಅದೇ ದ್ಯುತಿಸಂಶ್ಲೇಷಣೆ. 'ಹೈಡ್ರೋ' ತಿಳಿದವರಿಗೆ ಡಿಹೈಡ್ರೇಷನ್, ಹೈಡ್ರಾಲಿಕ್, ಹೈಡ್ರೋಫೋಬಿಯಾ ಸಾಲಾಗಿ ಬಿಚ್ಚಿಕೊಳ್ಳುತ್ತವೆ.

ಹಾಗೆಂದು ಬೇರನ್ನೇ ಪೂರ್ತಿ ನಂಬುವಂತಿಲ್ಲ. ಎಲ್ಲ ಆಮ್ಲಗಳಲ್ಲೂ ಇರುತ್ತದೆಂದು ಭಾವಿಸಿ ಫ್ರಾನ್ಸಿನ ಲವಾಸಿಯೆ 18ನೇ ಶತಮಾನದಲ್ಲಿ ಆಕ್ಸಿಜನ್, ಅಂದರೆ ಆಮ್ಲಜನಕ, ಎಂದು ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದ ಅಣುವಿನಲ್ಲಿ ಅದು ಇಲ್ಲವೇ ಇಲ್ಲ! ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಲೇಬೇಕು.

ಇನ್ನು ಮರೆವಿಗೆ ಮದ್ದು. ಒಂದೇ ದಿನ ಉರುಹೊಡೆಯುವುದಕ್ಕಿಂತ ದಿನ ಬಿಟ್ಟು ಮೆಲುಕು ಹಾಕುವುದು ಲೇಸೆಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾನೆ. ದಿನಕ್ಕೆ ಐದು ಪದ ಸಾಕು. ಪದ, ಬೇರು, ಕನ್ನಡ ಅರ್ಥ, ಸ್ವಂತ ವಾಕ್ಯ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮರುದಿನ, ಮೂರನೆಯ ದಿನ, ವಾರದ ನಂತರ ಮುಚ್ಚಿಟ್ಟು ನೆನಪಿಸಿಕೊಳ್ಳಬೇಕು. ಇಂಗ್ಲಿಷ್ ಬಾರದ ತಾಯಿಯೂ ಕನ್ನಡ ಅರ್ಥ ಓದಿ, 'ಇದಕ್ಕೇನಂತಾರೆ?' ಎಂದು ಕೇಳಬಹುದು. ಮಗುವಿಗೆ ಅಷ್ಟು ಆಸರೆ ಸಾಕು.